ಕೋಮಾ ಎಂಬ ಒಂದೇ ಪದ ಸಾಲದು

ಮಾನ್ಯ ಸಂಪಾದಕರಿಗೆ,

ತಲೆಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಪ್ರಜ್ಞೆ ಮರಳದೆ ಮಲಗಿದವರ ಸುದ್ದಿ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಒಂದೇ ಸುದ್ದಿಯ ಶೀರ್ಷಿಕೆಯಲ್ಲಿ ‘ಕೋಮಾ’ ಎಂದಿದ್ದರೆ, ಒಳಗೆ ‘ಮಿದುಳು ನಿಷ್ಕ್ರಿಯ’ ಎಂದಿರುತ್ತದೆ, ಕೊನೆಯ ಸಾಲಿನಲ್ಲಿ ‘ಜೀವಚ್ಛವವಾಗಿದ್ದಾರೆ’ ಎಂದು ಮುಗಿದಿರುತ್ತದೆ. ಬರೆಯುವವರಿಗೆ ಇವೆಲ್ಲ ಒಂದೇ ಸಂಕಟದ ಬೇರೆ ಬೇರೆ ಹೆಸರುಗಳಂತೆ ಕಾಣಬಹುದು. ಆದರೆ ಸರ್ಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಶುಶ್ರೂಷಕಿಯಾಗಿದ್ದು, ಅದರಲ್ಲಿ 12 ವರ್ಷ ತಲೆಪೆಟ್ಟಿನ ರೋಗಿಗಳ ತುರ್ತು ನಿಗಾ ಘಟಕದಲ್ಲೇ ಕಳೆದ ನನಗೆ, ಈ ಪದಗಳ ಅದಲುಬದಲಿನಿಂದ ಮನೆಯವರು ಪಡುವ ಪಾಡು ಚೆನ್ನಾಗಿ ಗೊತ್ತು. ಪೇಪರಿನ ತುಂಡನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದು, ‘ಇವರು ಇಷ್ಟು ವರ್ಷ ಕೋಮಾದಲ್ಲಿದ್ದು ಎದ್ದಿದ್ದಾರಂತೆ, ನಮ್ಮವರೂ ಏಳಬೇಕಲ್ಲವೇ’ ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಬೇಕಾಗಿ ಕೋರುತ್ತೇನೆ.

ತೀರ್ಥಹಳ್ಳಿ ಕಡೆಯ 22 ವರ್ಷದ ಹುಡುಗನೊಬ್ಬ ರಾತ್ರಿ ಬೈಕಿನಿಂದ ಬಿದ್ದು ನಮ್ಮಲ್ಲಿಗೆ ಬಂದಿದ್ದ. ಹೆಲ್ಮೆಟ್ ಬೈಕಿನ ಹ್ಯಾಂಡಲ್‌ಗೆ ನೇತಾಡುತ್ತಿತ್ತು ಎಂದು ಕರೆತಂದವರು ಹೇಳಿದರು. ತಲೆಬುರುಡೆ ಒಡೆದಿರಲಿಲ್ಲ, ಹಣೆಯ ಮೇಲೆ ತರಚುಗಾಯ ಬಿಟ್ಟರೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಆಪರೇಷನ್ ಮಾಡಿ ತೆಗೆಯುವಂಥ ರಕ್ತದ ಹೆಪ್ಪೂ ಇರಲಿಲ್ಲ. ಒಂದು ವಾರ ಕಳೆದರೂ ಹುಡುಗ ಕಣ್ಣು ಬಿಡಲಿಲ್ಲ. ಅವನ ತಾಯಿ ದಿನವೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಸ್ಕ್ಯಾನಿಂಗಲ್ಲಿ ಏನೂ ಇಲ್ಲ ಅಂದ್ರಲ್ಲ ಸಿಸ್ಟರ್, ಮತ್ಯಾಕೆ ಇವನಿಗೆ ಜ್ಞಾನ ಬರ್ತಿಲ್ಲ?’

ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಪ್ರಜ್ಞೆ ಎಲ್ಲಿಂದ ಬರುತ್ತದೆ ಎಂಬಲ್ಲಿಂದಲೇ ಶುರು ಮಾಡಬೇಕು. ನಾವು ಪ್ರಜ್ಞೆ ಎಂದು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಎಚ್ಚರ ಮತ್ತು ಅರಿವು ಎಂಬ ಎರಡು ಸಂಗತಿಗಳು ಸೇರಿಕೊಂಡಿವೆ. ಎಚ್ಚರದ ಬೇರು ಮಿದುಳಿನ ಬುಡದಲ್ಲಿ, ಬೆನ್ನುಹುರಿಗೆ ಕೂಡಿಕೊಳ್ಳುವ ಮಿದುಳುಕಾಂಡದ ಮೇಲ್ಭಾಗದಲ್ಲಿದೆ. 1949ರಲ್ಲಿ ಇಟಲಿಯ ಮೊರುಜ್ಜಿ ಮತ್ತು ಅಮೆರಿಕದ ಮ್ಯಾಗೌನ್ ಎಂಬ ವಿಜ್ಞಾನಿಗಳು ಅರಿವಳಿಕೆ ಕೊಟ್ಟ ಬೆಕ್ಕುಗಳ ಮಿದುಳುಕಾಂಡದ ಈ ಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ, ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲಿ ನಿದ್ದೆಯ ನಿಧಾನ ಅಲೆಗಳು ಹೋಗಿ ಎಚ್ಚರದ ಅಲೆಗಳು ಕಾಣಿಸಿಕೊಂಡವು. ಅಲ್ಲಿಂದ ಹೊರಡುವ ನರತಂತುಗಳು ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗವನ್ನು ಹಾದು, ಇನ್ನು ಕೆಲವು ಬೇರೆ ದಾರಿಯಿಂದ, ಮಿದುಳಿನ ಮೇಲ್ಪದರಕ್ಕೆಲ್ಲ ಹರಡಿಕೊಳ್ಳುತ್ತವೆ. ನೋಡಿದ್ದನ್ನು ಗುರುತಿಸುವ, ಕೇಳಿದ ಮಾತಿಗೆ ಅರ್ಥ ಹಚ್ಚುವ, ‘ಇದು ನಾನು’ ಎಂದು ತಿಳಿಯುವ ಅರಿವು ಆ ಮೇಲ್ಪದರದ ಎರಡೂ ಪಾರ್ಶ್ವಗಳ ಕೂಡು ಕೆಲಸ.

ನಾನು ಭದ್ರಾ ಅಚ್ಚುಕಟ್ಟಿನಲ್ಲಿ ಬೆಳೆದವಳು. ಹಾಗಾಗಿ ಮನೆಯವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳುತ್ತಿದ್ದೆ. ಡ್ಯಾಮಿನ ತೂಬು ಮುಚ್ಚಿದರೆ ಕೆಳಗಿನ ಅಷ್ಟೂ ಗದ್ದೆ ಒಣಗುತ್ತದೆ. ತೂಬು ತೆರೆದಿದ್ದರೂ ಕಾಲುವೆಗಳು ಅಲ್ಲಲ್ಲಿ ಒಡೆದಿದ್ದರೆ ನೀರು ಗದ್ದೆ ಮುಟ್ಟುವುದಿಲ್ಲ. ತೂಬೂ ಕಾಲುವೆಯೂ ಸರಿಯಿದ್ದು ಗದ್ದೆಯೇ ಮರಳು ಬಿದ್ದು ಹಾಳಾಗಿದ್ದರೆ ನೀರು ಬಂದೂ ಪ್ರಯೋಜನವಿಲ್ಲ. ಮಿದುಳುಕಾಂಡದಲ್ಲಿ ಕಡಲೆಕಾಳಿನಷ್ಟು ರಕ್ತಸ್ರಾವವಾದರೂ ಮನುಷ್ಯ ಪೂರ್ತಿ ಎಚ್ಚರ ತಪ್ಪಬಹುದು, ಆದರೆ ಮೇಲ್ಪದರದ ಒಂದೇ ಪಕ್ಕದಲ್ಲಿ ದೊಡ್ಡ ಗಾಯವಾದವರು ಕೈಕಾಲು ಸ್ವಾಧೀನ ಕಳೆದುಕೊಂಡೂ ಕಣ್ಣು ಬಿಟ್ಟು ನಮ್ಮನ್ನು ಗುರುತಿಸುತ್ತಾರೆ. ಗಾಯ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿ ಆಗಿದೆ ಎನ್ನುವುದು ಹೆಚ್ಚು ಮುಖ್ಯವಾಗುವುದು ಇದಕ್ಕೇ.

ಆ ಹುಡುಗನಿಗೆ ಆಗಿದ್ದು ಕಾಲುವೆಗಳು ಒಡೆದ ಗಾಯ. ವೇಗವಾಗಿ ಹೋಗುತ್ತಿದ್ದ ತಲೆ ನೆಲಕ್ಕೆ ತಾಗಿ ಒಮ್ಮೆಲೇ ತಿರುಚಿ ನಿಂತಾಗ, ಒಳಗಿನ ಮೆತ್ತನೆಯ ಮಿದುಳು ಅಷ್ಟೇ ಬೇಗ ನಿಲ್ಲುವುದಿಲ್ಲ. ಅದರ ಹೊರಪದರಕ್ಕೂ ಒಳಗಿನ ಬಿಳಿಯ ಭಾಗಕ್ಕೂ ಸಾಂದ್ರತೆ ಬೇರೆಯಾದ್ದರಿಂದ ಒಂದು ಮುಂದೆ ಸರಿದರೆ ಇನ್ನೊಂದು ಹಿಂದುಳಿಯುತ್ತದೆ, ಇವೆರಡರ ನಡುವೆ ಸಾಗುವ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ನರತಂತುಗಳು ಎಳೆದಂತಾಗುತ್ತವೆ. ಅವು ಆ ಕ್ಷಣದಲ್ಲೇ ತುಂಡಾಗುವುದು ಕಡಿಮೆ. ಎಳೆತದಿಂದ ತಂತುವಿನ ಹೊರಪೊರೆ ಸೋರತೊಡಗಿ ಸೋಡಿಯಂ, ಕ್ಯಾಲ್ಸಿಯಂ ಒಳನುಗ್ಗುತ್ತವೆ, ತಂತುವಿನ ಉದ್ದಕ್ಕೂ ನಡೆಯಬೇಕಾದ ಸಾಗಾಟ ನಿಂತು ಅಲ್ಲಲ್ಲಿ ಊತ ಬರುತ್ತದೆ, ಆಮೇಲೆ ಗಂಟೆಗಳು ಅಥವಾ ದಿನಗಳು ಕಳೆದ ಮೇಲೆ ಅದು ಅಲ್ಲಿಯೇ ಕಡಿದುಹೋಗುತ್ತದೆ. ಇಂಥ ಸೂಕ್ಷ್ಮ ಗಾಯಗಳು ಮಿದುಳಿನ ಎರಡು ಪಾರ್ಶ್ವಗಳನ್ನು ಜೋಡಿಸುವ ಸೇತುವಿನಲ್ಲಿಯೂ ಮಿದುಳುಕಾಂಡದ ಮೇಲ್ಭಾಗದಲ್ಲಿಯೂ ಹರಡಿಕೊಂಡಿದ್ದರೆ ಪ್ರಜ್ಞೆ ವಾರಗಟ್ಟಲೆ, ತಿಂಗಳುಗಟ್ಟಲೆ ಮರಳದೇ ಇರಬಹುದು. ಸಿ.ಟಿ. ಸ್ಕ್ಯಾನ್‌ಗೆ ಬುರುಡೆಯ ಬಿರುಕು ಕಾಣುತ್ತದೆ, ರಕ್ತದ ಹೆಪ್ಪು ಕಾಣುತ್ತದೆ. ತಂತು ಕಡಿದದ್ದು ಅದರ ಕಣ್ಣಿಗೆ ಬೀಳುವುದೇ ಅಪರೂಪ. ಎಂ.ಆರ್.ಐ.ನಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದಿಷ್ಟು ಕಾಣಿಸಬಹುದು. ‘ಸ್ಕ್ಯಾನಿಂಗಲ್ಲಿ ಏನೂ ಇಲ್ಲ’ ಎಂದು ಹೇಳಿ ಕಳುಹಿಸಿದವರು ಸುಳ್ಳು ಹೇಳಿರಲಿಲ್ಲ, ಆದರೆ ಆ ಒಂದು ಮಾತನ್ನು ಬಿಡಿಸಿ ಹೇಳುವ ಐದು ನಿಮಿಷ ಯಾರಿಗೂ ಇರಲಿಲ್ಲ. ಆ ತಾಯಿ ಮಗನಿಗೆ ಬೇರೇನೋ ಆಗಿದೆ ಎಂದುಕೊಂಡು ದೃಷ್ಟಿ ತೆಗೆಸಲು ಊರಿಗೆ ಹೋಗಿ ಬಂದಿದ್ದರು.

ಇನ್ನೊಂದು ದಾರಿ ಒತ್ತಡದ್ದು. ತಲೆಬುರುಡೆ ಮುಚ್ಚಿದ ಪೆಟ್ಟಿಗೆ. ಅದರೊಳಗೆ ಮಿದುಳು, ರಕ್ತ ಮತ್ತು ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ದ್ರವ ಈ ಮೂರಕ್ಕೆ ಮಾತ್ರ ಜಾಗವಿದೆ. ಒಂದು ಹಿಗ್ಗಿದರೆ ಇನ್ನೊಂದು ಕುಗ್ಗಲೇಬೇಕು. ರಕ್ತ ಹೆಪ್ಪುಗಟ್ಟಿಯೋ ಮಿದುಳು ಬಾತುಕೊಂಡೋ ಒತ್ತಡ ಏರಿದಾಗ ರಕ್ತ ಮೇಲೇರಲಾರದೆ ಮಿದುಳು ಉಪವಾಸ ಬೀಳುತ್ತದೆ. ಒತ್ತಡ ಇನ್ನೂ ಏರಿದರೆ ಮಿದುಳಿನ ಒಂದು ಅಂಚು ಕೆಳಕ್ಕೆ ಜಾರಿ ಮಿದುಳುಕಾಂಡವನ್ನೇ ಅದುಮುತ್ತದೆ. ಬಿದ್ದವರು ಎದ್ದು ಕೂತು, ಮಾತಾಡಿ, ಚಹಾ ಕುಡಿದು, ಎರಡು ಮೂರು ಗಂಟೆಯ ನಂತರ ಮಲಗಿದಲ್ಲೇ ಎಚ್ಚರ ತಪ್ಪುವುದು ಹೀಗೆ. ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಟಾರ್ಚಿನ ಬೆಳಕಿಗೆ ಕುಗ್ಗದಿದ್ದರೆ ನಾವು ಡಾಕ್ಟರನ್ನು ಕರೆಯಲು ಓಡುತ್ತಿದ್ದೆವು, ಏಕೆಂದರೆ ಆಮೇಲೆ ಉಳಿಯುವ ಸಮಯ ಬಹಳ ಕಡಿಮೆ. ತಲೆಗೆ ಪೆಟ್ಟು ಬಿದ್ದವರನ್ನು ‘ಚೆನ್ನಾಗಿಯೇ ಮಾತಾಡ್ತಿದಾರಲ್ಲ’ ಎಂದು ಮನೆಗೆ ಕರೆದೊಯ್ಯಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮೂರನೆಯದು ಆಮ್ಲಜನಕದ ಕೊರತೆ. ಹೃದಯ ನಿಂತಾಗ, ನೀರಿನಲ್ಲಿ ಮುಳುಗಿದಾಗ, ಕುತ್ತಿಗೆ ಬಿಗಿದಾಗ ನಾಲ್ಕೈದು ನಿಮಿಷಗಳಲ್ಲೇ ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಮೇಲ್ಪದರ ಮತ್ತು ಥಲಾಮಸ್ ಮೊದಲು ಹೋಗುತ್ತವೆ, ಮಿದುಳುಕಾಂಡ ಅವುಗಳಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ. ಅಂದರೆ ತೂಬು ಉಳಿದು ಗದ್ದೆ ಹೋಗುತ್ತದೆ. ತಲೆಪೆಟ್ಟಿನವರಿಗೂ ಈ ಅಪಾಯ ತಪ್ಪಿದ್ದಲ್ಲ. ರಸ್ತೆಯಲ್ಲಿ ಬಿದ್ದು ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಆ ನೀರು ನುಂಗಲು ಬಾರದೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಮ್ಲಜನಕ ಕುಸಿಯುತ್ತದೆ, ಮೊದಲಿನ ಗಾಯದ ಮೇಲೆ ಎರಡನೆಯ ಗಾಯವಾಗುತ್ತದೆ. ಪುಣ್ಯಕ್ಕೆಂದು ನೀರು ಹಾಕಿದವರನ್ನು ನಾನು ದೂರುವುದಿಲ್ಲ; ಬೇಡವೆಂದು ಅವರಿಗೆ ಯಾರೂ ಹೇಳಿರಲಿಲ್ಲ. 108ಕ್ಕೆ ಕರೆ ಮಾಡಿ, ಕುತ್ತಿಗೆ ಅಲುಗಾಡದಂತೆ, ಉಸಿರಿನ ದಾರಿ ಕಟ್ಟದಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ. ಹಾಗೆ ನೆರವಾದವರನ್ನು ಪೊಲೀಸ್ ಠಾಣೆಗೆ ಅಲೆಸುವಂತಿಲ್ಲ ಎಂಬ ರಕ್ಷಣೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ.

ಈಗ ಪದಗಳ ವಿಷಯ. ಕೋಮಾ ಎಂದರೆ ಕಣ್ಣು ಮುಚ್ಚಿದ, ಕೂಗಿದರೂ ಚಿವುಟಿದರೂ ಎಚ್ಚರವಾಗದ ಸ್ಥಿತಿ. ಅದು ನಿದ್ದೆಯಲ್ಲ, ಏಕೆಂದರೆ ಅಲ್ಲಿ ನಿದ್ದೆ ಮತ್ತು ಎಚ್ಚರದ ಸರದಿಯೇ ಇರುವುದಿಲ್ಲ. ಅದು ವರ್ಷಗಟ್ಟಲೆ ಮುಂದುವರಿಯುವುದೂ ತೀರಾ ವಿರಳ: ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳೊಳಗೆ ರೋಗಿ ತೀರಿಕೊಳ್ಳುತ್ತಾರೆ, ಇಲ್ಲವೇ ಕಣ್ಣು ಬಿಡುತ್ತಾರೆ. ಕಣ್ಣು ಬಿಟ್ಟೊಡನೆ ಅರಿವು ಬಂದಿತೆಂದಲ್ಲ. ಕಣ್ಣು ತೆರೆಯುತ್ತದೆ, ಆಕಳಿಕೆ ಬರುತ್ತದೆ, ರಾತ್ರಿ ನಿದ್ದೆ ಹಗಲು ಎಚ್ಚರ ಎಂಬ ಸರದಿ ಮರಳುತ್ತದೆ, ಉಸಿರು ತಾನಾಗಿ ಆಡುತ್ತದೆ, ಆದರೆ ಎದುರಿಗಿರುವವರ ಪರಿವೆ ಇರುವುದಿಲ್ಲ. 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಎಂಬ ವೈದ್ಯರು ಇದಕ್ಕಿಟ್ಟ ಇಂಗ್ಲಿಷ್ ಹೆಸರನ್ನು ನಾವು ‘ಸಸ್ಯಸ್ಥಿತಿ’ ಎಂದು ಬರೆಯುತ್ತೇವೆ. ಮನುಷ್ಯರನ್ನು ಗಿಡಕ್ಕೆ ಹೋಲಿಸುವುದು ಸರಿಯಲ್ಲವೆಂದು 2010ರಲ್ಲಿ ಯುರೋಪಿನ ವೈದ್ಯರು ‘ಪ್ರತಿಕ್ರಿಯೆ ಇಲ್ಲದ ಎಚ್ಚರ’ ಎಂಬ ಅರ್ಥದ ಹೆಸರನ್ನು ಸೂಚಿಸಿದರು. ಕನ್ನಡದಲ್ಲಿ ಅದು ಎಷ್ಟು ಸಹಜವಾಗಿ ಒಗ್ಗುತ್ತದೆ ನೋಡಿ. ಅದಕ್ಕೂ ಮುಂದಿನದು, ಆಗೊಮ್ಮೆ ಈಗೊಮ್ಮೆಯಾದರೂ ಕಣ್ಣಿನಿಂದ ಹಿಂಬಾಲಿಸುವ, ಹೇಳಿದ್ದನ್ನು ಮಾಡುವ ಅಲ್ಪ ಅರಿವಿನ ಸ್ಥಿತಿ. ಇದನ್ನು ಬೇರೆಯಾಗಿ ಗುರುತಿಸಿದ್ದು 2002ರಲ್ಲಿ. ಇವೆಲ್ಲಕ್ಕೂ ಪೂರ್ತಿ ಹೊರಗಿನದು ಮಿದುಳು ಸಾವು. ಅಲ್ಲಿ ಮಿದುಳುಕಾಂಡವೂ ಮರಳಿ ಬಾರದಂತೆ ನಿಂತಿರುತ್ತದೆ, ಉಸಿರಾಡಿಸುವುದು ಯಂತ್ರ ಮಾತ್ರ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸುವ ಅದು ಸಾವೇ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಗಾಯಗೊಂಡ ನಟ ಸಂಚಾರಿ ವಿಜಯ್ ಅವರ ಮಿದುಳು ಸಾವನ್ನು ವೈದ್ಯರು ಘೋಷಿಸಿದಾಗ, ಕುಟುಂಬದವರು ಅಂಥ ದುಃಖದಲ್ಲೂ ಅಂಗಾಂಗ ದಾನಕ್ಕೆ ಒಪ್ಪಿದರು. ಕೋಮಾಕ್ಕೂ ಮಿದುಳು ಸಾವಿಗೂ ವ್ಯತ್ಯಾಸ ಗೊತ್ತಿಲ್ಲದ ಮನೆಯವರ ಮುಂದೆ ಇದೇ ಪ್ರಶ್ನೆ ಬಂದರೆ ಅವರು ಡಾಕ್ಟರನ್ನು ಅನುಮಾನದಿಂದ ನೋಡುತ್ತಾರೆ. ಅವರ ತಪ್ಪೂ ಅಲ್ಲ: ಕೋಮಾದಿಂದ ಎದ್ದವರ ಸುದ್ದಿಯನ್ನು ಅವರು ಪತ್ರಿಕೆಯಲ್ಲೇ ಓದಿರುತ್ತಾರೆ.

ಅರುಣಾ ಶಾನಭಾಗ ಅವರನ್ನು ನೆನೆಯದೆ ಈ ಮಾತು ಮುಂದುವರಿಸಲಾರೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆಯ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ದಾಳಿ ಮಾಡಿ, ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದ. ಮಿದುಳಿಗೆ ರಕ್ತವೂ ಆಮ್ಲಜನಕವೂ ಇಲ್ಲದಾಗಿ ಆದ ಹಾನಿ ಮತ್ತೆ ಸರಿಹೋಗಲಿಲ್ಲ. 2015ರ ಮೇ 18ರಂದು ಆಕೆ ತೀರಿಕೊಂಡಾಗ ಎಷ್ಟೋ ಪತ್ರಿಕೆಗಳು ‘42 ವರ್ಷ ಕೋಮಾದಲ್ಲಿದ್ದ ನರ್ಸ್’ ಎಂದು ಬರೆದವು. ಆಕೆ ಕೋಮಾದಲ್ಲಿರಲಿಲ್ಲ. ಆಕೆ ಕಣ್ಣು ಬಿಡುತ್ತಿದ್ದರು, ಶಬ್ದ ಮಾಡುತ್ತಿದ್ದರು, ಬಾಯಿಗಿಟ್ಟ ಮೆತ್ತನೆಯ ಊಟವನ್ನು ನುಂಗುತ್ತಿದ್ದರು. ಸುಪ್ರೀಂ ಕೋರ್ಟ್ ಕಳುಹಿಸಿದ ಮೂವರು ವೈದ್ಯರು ಪರೀಕ್ಷಿಸಿ, ಕಾಯಂ ಸಸ್ಯಸ್ಥಿತಿಯ ಬಹುಪಾಲು ಲಕ್ಷಣಗಳಿವೆ ಎಂದು ವರದಿ ಕೊಟ್ಟರು. ಆಕೆಯನ್ನು ನೋಡಿಕೊಂಡ ದಾದಿಯರು ಮಾತ್ರ ಆಕೆ ತಮ್ಮ ಆರೈಕೆಗೆ ಸ್ಪಂದಿಸುತ್ತಾರೆ ಎಂದೇ ಹೇಳಿದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ಆಕೆಗೆ ದಯಾಮರಣದ ಬೇಡಿಕೆಯನ್ನು ತಳ್ಳಿಹಾಕುವಾಗ ಆ ದಾದಿಯರ ಆರೈಕೆಯನ್ನು ಬಹಳವಾಗಿ ಮೆಚ್ಚಿತು. ಅಷ್ಟು ದೀರ್ಘ ಕಾಲ ಮಲಗಿದ್ದವರ ಮೈಮೇಲೆ ಒಂದೂ ಹಾಸಿಗೆ ಹುಣ್ಣು ಇರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವ ಕೆಲಸ ಮಾಡಿದವರಿಗಷ್ಟೇ ಅದು ಎಂಥ ಮಾತೆಂದು ತಿಳಿದೀತು. ಅಂಥವರನ್ನು ‘ಜೀವಚ್ಛವ’ ಎಂದು ಬರೆದದ್ದನ್ನು ಓದಿದ ದಿನ ನನಗೆ ಊಟ ಸೇರಿರಲಿಲ್ಲ.

ಸುದ್ದಿಯಾಗುವ ಪವಾಡಗಳಲ್ಲೂ ಇದೇ ತೊಡಕಿದೆ. ಅಮೆರಿಕದ ಟೆರಿ ವಾಲಿಸ್ ಎಂಬಾತ 1984ರ ವಾಹನ ಅಪಘಾತದ ಬಳಿಕ ಮಾತು ಕಳೆದುಕೊಂಡು, 2003ರಲ್ಲಿ ‘ಅಮ್ಮ’ ಎಂದು ಕರೆದ. ಜಗತ್ತೆಲ್ಲ ಅದನ್ನು 19 ವರ್ಷದ ಕೋಮಾದಿಂದ ಎದ್ದದ್ದೆಂದು ಬರೆಯಿತು. ನಿಜದಲ್ಲಿ ಆತ ಬಹುಕಾಲ ಇದ್ದದ್ದು ಅಲ್ಪ ಅರಿವಿನ ಸ್ಥಿತಿಯಲ್ಲಿ, ಆತನ ಗಾಯ ನರತಂತುಗಳದ್ದು. ಪೆಟ್ಟಿನಿಂದ ಅರಿವು ಹೋದವರಲ್ಲಿ ಒಂದು ವರ್ಷದ ಬಳಿಕವೂ ಸುಧಾರಣೆ ಕಂಡದ್ದುಂಟು. ಆಮ್ಲಜನಕದ ಕೊರತೆಯಿಂದ ಹಾಗಾದವರಲ್ಲಿ ಮೂರು ತಿಂಗಳು ದಾಟಿದರೆ ಅರಿವು ಮರಳುವುದು ಬಹಳ ಅಪರೂಪ. ಕಾರಣವನ್ನು ಬರೆಯದೆ ‘ಕೋಮಾದಿಂದ ಎದ್ದರು’ ಎಂದಷ್ಟೇ ಬರೆದರೆ, ಹೃದಯ ನಿಂತು ಮಿದುಳು ಸೊರಗಿದ ಯಜಮಾನರ ಹೆಂಡತಿ ಆ ಸುದ್ದಿಯನ್ನು ನಂಬಿ ತೋಟ ಅಡವಿಡುತ್ತಾಳೆ. ಇದು ಕಲ್ಪನೆಯ ಮಾತಲ್ಲ.

ಹಾಗೆಂದು ಬೇಗನೆ ಕೈಚೆಲ್ಲುವುದೂ ಅಷ್ಟೇ ದೊಡ್ಡ ತಪ್ಪು. ತೀರ್ಥಹಳ್ಳಿಯ ಹುಡುಗ ನಾಲ್ಕನೆಯ ವಾರದಲ್ಲಿ ಕಣ್ಣು ಬಿಟ್ಟ, ಆದರೆ ನೋಟ ಮಾಡಿನಲ್ಲೇ ನೆಟ್ಟಿತ್ತು. ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುತ್ತಿದ್ದ. ತಾಯಿ ‘ನನ್ನನ್ನ ಹಿಡ್ಕೊಂಡ’ ಎಂದು ಅತ್ತರು, ಆದರೆ ಅದು ಎಳೆ ಮಗುವೂ ಹಿಡಿಯುವಂಥ ತಂತಾನೇ ಆಗುವ ಹಿಡಿತ. ಹಾಗೆ ಹೇಳುವುದು ನನ್ನ ಕೆಲಸದ ಅತ್ಯಂತ ಕಷ್ಟದ ಭಾಗವಾಗಿತ್ತು. ಏಳನೆಯ ವಾರದ ಒಂದು ಬೆಳಿಗ್ಗೆ, ಮುಖ ಒರೆಸಿದ ಮೇಲೆ, ಅವರು ತಲೆ ಬಾಚಿಕೊಳ್ಳಲು ತಂದಿದ್ದ ಅಂಗೈಯಗಲದ ಕನ್ನಡಿಯನ್ನು ಅವನ ಮುಖದ ಮುಂದೆ ಹಿಡಿದು ಮೆಲ್ಲನೆ ಎಡಕ್ಕೆ ಸರಿಸಿದೆ. ಕಣ್ಣು ಕನ್ನಡಿಯ ಜೊತೆ ಸರಿಯಿತು. ಬಲಕ್ಕೆ ತಂದೆ, ಅರ್ಧ ದಾರಿಗೆ ಬಂದು ನಿಂತಿತು. ಮಧ್ಯಾಹ್ನ ಏನೂ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಎರಡೂ ಕಡೆ. ರೌಂಡ್ಸಿಗೆ ಬಂದ ಡಾಕ್ಟರಿಗೆ ತೋರಿಸಿದೆ. ಅವರೂ ನೋಡಿದ ಮೇಲೆ ಕೇಸ್‌ಶೀಟಿನಲ್ಲಿ ಬರೆಯುವ ಪದ ಬದಲಾಯಿತು, ಫಿಸಿಯೋಥೆರಪಿಯೂ ಬದಲಾಯಿತು. ಬೆರಳನ್ನೋ ಪೆನ್ನನ್ನೋ ಹಿಂಬಾಲಿಸದ ಕಣ್ಣು ತನ್ನದೇ ಮುಖವನ್ನು ಹಿಂಬಾಲಿಸುವುದುಂಟು, ಆದ್ದರಿಂದ ಈ ಪರೀಕ್ಷೆಗೆ ಕನ್ನಡಿಯೇ ಒಳ್ಳೆಯದೆಂದು ತಜ್ಞರೂ ಹೇಳುತ್ತಾರೆ. ಅಲ್ಪ ಅರಿವು ಗಳಿಗೆಗೊಮ್ಮೆ ಬಂದು ಹೋಗುವಂಥದ್ದು, ಹಾಗಾಗಿ ಒಂದು ಸಲ ನೋಡಿ ತೀರ್ಮಾನಿಸಬಾರದು, ಬೇರೆ ಬೇರೆ ಹೊತ್ತಿನಲ್ಲಿ ಐದಾರು ಸಲವಾದರೂ ನೋಡಬೇಕು. ಸಸ್ಯಸ್ಥಿತಿ ಎಂದು ಬರೆಸಿಕೊಂಡವರನ್ನು 2009ರಲ್ಲಿ ಯುರೋಪಿನಲ್ಲಿ ಕ್ರಮಬದ್ಧವಾಗಿ ಮರುಪರೀಕ್ಷಿಸಿದಾಗ, 100ಕ್ಕೆ 40ರಷ್ಟು ಮಂದಿಯಲ್ಲಿ ಅರಿವಿನ ಕುರುಹು ಕಂಡಿತ್ತು.

ಹಾಸಿಗೆಯ ಪಕ್ಕದಲ್ಲಿ ನಿಂತು ಎಷ್ಟು ನೋಡಿದರೂ ಕಾಣದ ಅರಿವೂ ಇದೆ. 2006ರಲ್ಲಿ ಇಂಗ್ಲೆಂಡಿನಲ್ಲಿ ಏಡ್ರಿಯನ್ ಓವನ್ ಮತ್ತು ಅವರ ತಂಡದವರು, ಅಪಘಾತವಾಗಿ ಐದು ತಿಂಗಳಾದರೂ ಯಾವ ಪ್ರತಿಕ್ರಿಯೆಯನ್ನೂ ತೋರದ 23 ವರ್ಷದ ಯುವತಿಯನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಆರೋಗ್ಯವಂತರಲ್ಲಿ ಚುರುಕಾಗುವ ಅದೇ ಭಾಗಗಳು ಆಕೆಯ ಮಿದುಳಿನಲ್ಲೂ ಚುರುಕಾದವು. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಹೊರನೋಟಕ್ಕೆ ಏನೂ ಸ್ಪಂದಿಸದ 241 ಮಂದಿಯಲ್ಲಿ 60 ಮಂದಿಯ ಮಿದುಳು ಹೀಗೆ ಒಳಗೊಳಗೇ ಸ್ಪಂದಿಸಿತು. ಇಂಥ ಪರೀಕ್ಷೆ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಬರುವುದು ದೂರದ ಮಾತು. ಆದರೆ ಮಂಚದ ಪಕ್ಕದಲ್ಲಿ ನಿಂತು ‘ಇನ್ನೇನಿದೆ, ಮನೆಗೆ ಕರ್ಕೊಂಡು ಹೋಗಿ’ ಎಂದು ರೋಗಿಗೆ ಕೇಳುವಂತೆ ಹೇಳದಿರುವುದಕ್ಕೆ ಯಾವ ಯಂತ್ರವೂ ಬೇಡ.

2018ರ ಸುಪ್ರೀಂ ಕೋರ್ಟ್ ತೀರ್ಪನ್ನು ಅನುಸರಿಸಿ, ಚೇತರಿಕೆಯ ಭರವಸೆ ಇಲ್ಲದವರಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವ ಕ್ರಮದ ಬಗ್ಗೆ 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿದೆ. ಅದರಂತೆ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಮನೆಯವರೂ ಒಪ್ಪಬೇಕು. ಒಪ್ಪುವ ಮನೆಯವರು ಯಾವ ಸ್ಥಿತಿಗೆ ಒಪ್ಪುತ್ತಿದ್ದೇವೆ ಎಂದು ತಿಳಿದೇ ಸಹಿ ಹಾಕಬೇಕಲ್ಲವೇ? ಆ ತಿಳಿವಳಿಕೆ ಅವರಿಗೆ ಬರುವುದು ಬಹುಮಟ್ಟಿಗೆ ಕನ್ನಡ ಪತ್ರಿಕೆಗಳಿಂದಲೇ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಇಂಥ ಸುದ್ದಿ ಬರೆಯುವ ವರದಿಗಾರರು ಆಸ್ಪತ್ರೆಯವರನ್ನು ನಾಲ್ಕು ವಿಷಯ ಕೇಳಲಿ: ಮಿದುಳಿಗೆ ಹಾನಿಯಾದದ್ದು ಪೆಟ್ಟಿನಿಂದಲೋ ಆಮ್ಲಜನಕದ ಕೊರತೆಯಿಂದಲೋ, ರೋಗಿ ಕಣ್ಣು ಬಿಡುತ್ತಾರೆಯೇ, ಉಸಿರು ಸ್ವಂತದ್ದೇ, ಕಣ್ಣಿನಿಂದ ಹಿಂಬಾಲಿಸುವುದೋ ಹೇಳಿದ್ದನ್ನು ಮಾಡುವುದೋ ಒಮ್ಮೆಯಾದರೂ ಕಂಡಿದೆಯೇ. ನಿದ್ದೆಯ ಔಷಧ ಕೊಟ್ಟು ಮಲಗಿಸಿದ್ದಾರೆಯೇ ಎಂದೂ ಕೇಳಬೇಕು, ಏಕೆಂದರೆ ಮೊದಲ ದಿನಗಳ ಎಷ್ಟೋ ‘ಕೋಮಾ’ಗಳು ಚಿಕಿತ್ಸೆಗಾಗಿ ಕೊಟ್ಟ ಔಷಧದಿಂದ ಆದವು. ಉತ್ತರ ಏನು ಬಂತೋ ಅದನ್ನೇ ನೇರವಾಗಿ ಬರೆಯಲಿ. ‘ಕಣ್ಣು ಬಿಡುತ್ತಾರೆ, ಸ್ವಂತ ಉಸಿರಾಡುತ್ತಾರೆ, ಆದರೆ ಯಾರನ್ನೂ ಗುರುತಿಸುತ್ತಿಲ್ಲ’ ಎಂದು ಬರೆದರೆ ಓದುವವರಿಗೆ ಕಷ್ಟವೇನಿಲ್ಲ. ‘ಮಿದುಳು ಸಾವು’ ಎಂಬುದನ್ನು ಮಂಡಳಿ ಘೋಷಿಸಿದಾಗ ಮಾತ್ರ ಬಳಸಲಿ. ‘ಜೀವಚ್ಛವ’ ಎಂಬ ಪದವನ್ನು ಪೂರ್ತಿಯಾಗಿ ಕೈಬಿಡಲಿ. ಆ ಸುದ್ದಿಯನ್ನು ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತವರು ಗಟ್ಟಿಯಾಗಿ ಓದುತ್ತಿರುತ್ತಾರೆ, ಮಲಗಿದವರು ಕೇಳಿಸಿಕೊಳ್ಳುತ್ತಿರಲೂಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ,
ಭದ್ರಾವತಿ